ಪಾಲ್ವಂಕರ್ ಬಾಲೂ: ತಂಡದಿಂದ ತಂಡಕ್ಕೆ ಹೋದ ಎಡಗೈ

ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಚೆಂಡೆಸೆಯಲು ಕಲಿತು, ಬೊಂಬಾಯಿಯಲ್ಲಿ ಹೆಸರು ಮಾಡಿ, 1911ರ ಒಂದೇ ಬೇಸಗೆಯಲ್ಲಿ ಇಂಗ್ಲೆಂಡಿನ ಮೈದಾನಗಳಲ್ಲಿ 114 ವಿಕೆಟ್ ಪಡೆದ ಬೌಲರೊಬ್ಬರಿದ್ದರು. ಹೆಸರು ಪಾಲ್ವಂಕರ್ ಬಾಲೂ. ನಾವು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಗಳಲ್ಲಿ, ಬೈಂದೂರಿರಲಿ ಕುಂದಾಪುರವಿರಲಿ ಬ್ರಹ್ಮಾವರವಿರಲಿ, ಕ್ರಿಕೆಟ್ ಗೊತ್ತಿಲ್ಲದ ಮಗು ಸಿಗುವುದು ಕಷ್ಟ. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ಕೋಲು ನೆಟ್ಟು ಆಡುವ ಹುಡುಗರಿಗೆ ಇವತ್ತಿನ ಬೌಲರುಗಳ ಹೆಸರು ಬಾಯಿಪಾಠ. ಬಾಲೂ ಅವರ ಹೆಸರು ಮಾತ್ರ ಯಾರಿಗೂ ತಿಳಿದಿಲ್ಲ. ಕರ್ನಾಟಕದ ನೆಲದಲ್ಲಿ ಹುಟ್ಟಿದ ಈ ಆಟಗಾರರ ಬದುಕನ್ನು ತರಗತಿಯಲ್ಲಿ ಹೇಳುವವರಿಗೆ ಅನುಕೂಲವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವರದು ತಿರುಗಾಟದ ಬದುಕು. ವೇಷಧಾರಿಯೊಬ್ಬರು ಒಂದು ವರ್ಷ ಮಂದಾರ್ತಿ ಮೇಳದಲ್ಲಿ, ಮರುವರ್ಷ ಮಾರಣಕಟ್ಟೆಯಲ್ಲಿ, ಆಮೇಲೆ ಸಾಲಿಗ್ರಾಮದಲ್ಲಿ ಕಾಣಿಸಿಕೊಳ್ಳುವ ಹಾಗೆ ಬಾಲೂ ಕೂಡ ಕರೆದ ಕಡೆ ಹೋಗಿ ಚೆಂಡೆಸೆದರು: ಪಾರ್ಸಿಗಳ ಕ್ಲಬ್ಬು, ಬಿಳಿಯರ ಕ್ಲಬ್ಬು, ಪುಣೆಯ ಹಿಂದೂಗಳ ತಂಡ, ರೈಲ್ವೆ ತಂಡ, ಬೊಂಬಾಯಿಯ ಹಿಂದೂ ಜಿಮ್ಖಾನಾ. ಎಲ್ಲ ತಂಡಗಳಿಗೂ ಅವರ ಎಡಗೈ ಬೇಕಿತ್ತು. ಆ ಕೈಯ ಜೊತೆಗೆ ಬರುವ ಮನುಷ್ಯ ಬೇಕಿದ್ದ ತಂಡಗಳು ಕಡಿಮೆ. ಬಾಲೂ ಅವರ ಕತೆಯನ್ನು ವಿಕೆಟ್ಟುಗಳ ಲೆಕ್ಕಕ್ಕೇ ನಿಲ್ಲಿಸಬಾರದು ಎಂದು ನನಗನ್ನಿಸುವುದು ಇದರಿಂದಾಗಿ.

ಹುಟ್ಟಿದ್ದು 1875ರಲ್ಲೋ 1876ರಲ್ಲೋ ಎಂಬುದರಲ್ಲಿ ಬರೆದವರ ನಡುವೆ ಒಮ್ಮತವಿಲ್ಲ. ಊರು ಧಾರವಾಡ ಎಂಬುದರಲ್ಲಿ ಒಮ್ಮತವಿದೆ. ಮನೆತನದ ಹೆಸರು ಬಂದದ್ದು ಕೊಂಕಣ ಕರಾವಳಿಯ ಪಾಲ್ವಣ ಎಂಬ ಹಳ್ಳಿಯಿಂದ. ಊರ ಹೆಸರಿಗೆ ‘ಕರ್’ ಸೇರಿಸಿಕೊಳ್ಳುವ ರೂಢಿ ಅಂಕೋಲಾ, ಕಾರವಾರದ ಕಡೆಯವರನ್ನು ಬಲ್ಲ ನಮಗೆ ಹೊಸದಲ್ಲ. ಜಾತಿಯಲ್ಲಿ ಚಮಗಾರರು, ತೊಗಲಿನ ಕೆಲಸದ ಸಮುದಾಯದವರು, ಆ ಕಾಲದ ಸಮಾಜ ಮುಟ್ಟಿಸಿಕೊಳ್ಳದೆ ದೂರವಿಟ್ಟವರು. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಕುಟುಂಬ ಪುಣೆಗೆ ಹೋದ ಮೇಲೆ ಬಾಲೂ ಮತ್ತು ತಮ್ಮ ಶಿವರಾಮ್, ಬಿಳಿಯ ಸೈನ್ಯಾಧಿಕಾರಿಗಳು ಬೇಡವೆಂದು ಬಿಟ್ಟ ಬ್ಯಾಟು ಚೆಂಡುಗಳಲ್ಲಿ ಆಟ ಕಲಿತರು.

ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಆಗೊಮ್ಮೆ ಈಗೊಮ್ಮೆ ಸದಸ್ಯರಿಗೆ ಚೆಂಡು ಎಸೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬು 4 ರೂಪಾಯಿ ಕೊಟ್ಟಿತು, ಅಲ್ಲಿಗೆ ಹೋದರು. ಆಗ ವಯಸ್ಸು ಹದಿನಾರು ಹದಿನೇಳು. ನಮ್ಮ ಹತ್ತನೇ ತರಗತಿಯ ಮಕ್ಕಳಿಗಿಂತ ಒಂದು ವರ್ಷ ದೊಡ್ಡವರಷ್ಟೇ. ಕೆಲಸ ಹೆಚ್ಚುಕಡಿಮೆ ಅದೇ: ಪಿಚ್ಚಿಗೆ ಗೆರೆ ಹಾಕುವುದು, ನೆಟ್ ಕಟ್ಟುವುದು, ಬೇಕಾದಾಗ ಟೆನಿಸ್ ಅಂಗಳ ನೋಡಿಕೊಳ್ಳುವುದು.

ಅಲ್ಲಿ ಜೆ. ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿ ಇದ್ದರು. ಆ ಕಾಲಕ್ಕೆ ಭಾರತದಲ್ಲಿದ್ದ ಬಿಳಿಯ ಬ್ಯಾಟ್ಸ್‌ಮನ್‌ಗಳಲ್ಲಿ ದೊಡ್ಡ ಹೆಸರು. ಉಳಿದ ಸದಸ್ಯರು ಬರುವ ಮುಂಚೆಯೇ ಅವರು ಮೈದಾನಕ್ಕೆ ಬಂದು ಬಾಲೂ ಕೈಯಲ್ಲಿ ಬೌಲಿಂಗ್ ಮಾಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದರು ಎಂಬ ಕತೆಯಿದೆ. ಕತೆ ನಿಜವಾದರೆ ಲೆಕ್ಕ ಚೆನ್ನಾಗಿದೆ. ರೂಪಾಯಿಗೆ 16 ಆಣೆ, 4 ರೂಪಾಯಿಗೆ 64 ಆಣೆ. ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ. ಆರನೇ ತರಗತಿಯ ಮಕ್ಕಳು ಇದನ್ನು ಬಾಯಿಲೆಕ್ಕದಲ್ಲಿ ಮಾಡಬಲ್ಲರು, ಆಣೆ ಎಂದರೇನು ಎಂದು ನಾವು ಮೊದಲು ಹೇಳಬೇಕು, ಅಷ್ಟೆ.

ಗಂಟೆಗಟ್ಟಲೆ, ವರ್ಷಗಟ್ಟಲೆ ಒಳ್ಳೆಯ ಬ್ಯಾಟ್ಸ್‌ಮನ್‌ಗಳಿಗೆ ಚೆಂಡೆಸೆದು ಬಾಲೂ ಪಳಗಿದರು. ಆದರೆ ಆ ಕ್ಲಬ್ಬಿನಲ್ಲಿ ಅವರ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರ ಕೆಲಸ, ಬೌಲಿಂಗ್ ಆಳಿನ ಕೆಲಸ. ನಾನು ಎಂಟನೇ ತರಗತಿಗೆ ಸರಾಸರಿಯ ಪಾಠ ಮಾಡುವಾಗ ಈ ವಿಷಯ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಗದ್ದೆಯಲ್ಲೂ ಹಾಗೇ ಸರ್, ಸಣ್ಣವರಿಗೆ ಬರೀ ಬಾಲ್ ಹೆಕ್ಕುವ ಕೆಲಸ ಎಂದ. ತರಗತಿ ನಕ್ಕಿತು. ಅವನ ಹೋಲಿಕೆ ತಪ್ಪಲ್ಲ, ಆದರೆ ಸಣ್ಣವನು ದೊಡ್ಡವನಾದ ಮೇಲೆ ಬ್ಯಾಟು ಸಿಗುತ್ತದೆ. ಬಾಲೂ ಅವರಿಗಿದ್ದ ಅಡ್ಡಿ ವಯಸ್ಸಿನದಲ್ಲ.

ಅವರದು ನಿಧಾನಗತಿಯ ಎಡಗೈ ಸ್ಪಿನ್. ಬಲಗೈ ಬ್ಯಾಟ್ಸ್‌ಮನ್‌ಗೆ ಈ ಬಗೆಯ ಚೆಂಡು ಸಾಮಾನ್ಯವಾಗಿ ಕಾಲಿನ ಕಡೆಯಿಂದ ಆಚೆಗೆ, ಬ್ಯಾಟಿನಿಂದ ದೂರ ಸರಿಯುತ್ತದೆ. ಬಾಲೂ ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು. ಒಂದೇ ಓವರಿನಲ್ಲಿ ವೇಗ ಬದಲಿಸುತ್ತಿದ್ದರು, ಕೈ ಮಾತ್ರ ಒಂದೇ ರೀತಿ ಬರುತ್ತಿತ್ತು. ವಿಜ್ಞಾನ ಓದಿದವರಿಗೆ ಇಲ್ಲಿ ಒಳ್ಳೆಯ ಉದಾಹರಣೆ ಸಿಗುತ್ತದೆ. ಮುಂದಕ್ಕೆ ಉರುಳುವ ದಿಕ್ಕಿನಲ್ಲಿ ಸುತ್ತುತ್ತ ಹೋಗುವ ಚೆಂಡಿನ ಮೇಲ್ಭಾಗ ಎದುರಿನ ಗಾಳಿಗೆ ವಿರುದ್ಧವಾಗಿ ಚಲಿಸುತ್ತದೆ, ಕೆಳಭಾಗ ಗಾಳಿಯ ಜೊತೆ ಚಲಿಸುತ್ತದೆ. ಎರಡೂ ಕಡೆಯ ಒತ್ತಡ ಸಮವಾಗಿರುವುದಿಲ್ಲ, ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಕೆಳಗಿಳಿಯುತ್ತದೆ. ಒಂದು ಟೆನಿಸ್ ಚೆಂಡಿಗೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣ ಬಳಿದು ಅಂಗಳದಲ್ಲಿ ಎಸೆದು ತೋರಿಸಿದರೆ ಮಕ್ಕಳಿಗೆ ಸುತ್ತುವ ದಿಕ್ಕು ಕಣ್ಣಿಗೆ ಕಾಣುತ್ತದೆ. ಖರ್ಚಿಲ್ಲದ ಬೋಧನೋಪಕರಣ.

ಪುಣೆಯ ಹಿಂದೂಗಳಿಗೂ ಒಂದು ತಂಡವಿತ್ತು. ಬಿಳಿಯರ ಕ್ಲಬ್ಬನ್ನು ಸೋಲಿಸಬೇಕೆಂಬ ಹಟವೂ ಇತ್ತು. ಬಿಳಿಯರ ನೆಟ್ಟಿನಲ್ಲಿ ಬೌಲಿಂಗ್ ಮಾಡುವ ಬಾಲೂ ತಂಡಕ್ಕೆ ಬೇಕು ಎಂದು ತೆಲುಗು ಮೂಲದ ಕೆಲವು ಆಟಗಾರರು ಹೇಳಿದರು. ಬ್ರಾಹ್ಮಣ ಆಟಗಾರರಲ್ಲಿ ಹಲವರು ಒಪ್ಪಲಿಲ್ಲ. ಬಾಲೂ ಅವರನ್ನು ಬಿಟ್ಟರೆ ಹಿಂದೂಗಳಷ್ಟು ದಡ್ಡರು ಇಲ್ಲ ಎಂಬರ್ಥದ ಮಾತನ್ನು ಗ್ರೇಗ್ ಪತ್ರಿಕೆಗೇ ಹೇಳಿದರು. ಕೊನೆಗೆ ಬಾಲೂ ತಂಡಕ್ಕೆ ಬಂದರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಕೈಕಾಲು ತೊಳೆಯಬೇಕಾದರೆ ಅಸ್ಪೃಶ್ಯ ಜಾತಿಯ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದುಕೊಡಬೇಕಿತ್ತು.

ಆ ಚೆಂಡು ತೊಗಲಿನದು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳದಿರಲು ಆಗುವುದಿಲ್ಲ.

ತಂಡ ಗೆದ್ದಿತು, ಪುಣೆಯ ಯುರೋಪಿಯನ್ನರನ್ನು ಸೋಲಿಸಿತು. ಸಾತಾರಾದ ಬಿಳಿಯರ ಜಿಮ್ಖಾನಾ, ಬಾಲೂ ಅವರ ಸ್ಪಿನ್ ನಡೆಯಬಾರದೆಂದು ಒಂದು ವಾರ ಪಿಚ್ಚಿಗೆ ರೋಲರ್ ಎಳೆಸಿ ಗಟ್ಟಿ ಮಾಡಿಸಿತ್ತಂತೆ. ಅಲ್ಲಿಯೂ ಬಾಲೂ 7 ವಿಕೆಟ್ ತೆಗೆದರು, ತಂಡ ಗೆದ್ದಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರಂಥವರು ಬಾಲೂ ಅವರನ್ನು ಸಾರ್ವಜನಿಕವಾಗಿ ಗೌರವಿಸಿದರು. ಜೊತೆಯಲ್ಲಿ ಆಡಬಹುದಾದರೆ ಜೊತೆಯಲ್ಲಿ ಉಣ್ಣಲು ಏನು ಅಡ್ಡಿ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

1896ರಲ್ಲಿ ಪ್ಲೇಗ್ ಬಂತು. ಬಾಲೂ ಬೊಂಬಾಯಿಗೆ ಹೋದರು. ಕೆಲಕಾಲ ಸೈನ್ಯದಲ್ಲಿದ್ದು ಆಮೇಲೆ ರೈಲ್ವೆಯಲ್ಲಿ ನೌಕರಿ ಹಿಡಿದು ಅದರ ತಂಡಕ್ಕೆ ಆಡಿದರು. ಹಿಂದೂ ಜಿಮ್ಖಾನಾದಲ್ಲಿಯೂ ಅದೇ ವಿರೋಧ ಎದುರಾಯಿತು. ಕೀರ್ತಿಕರ್ ಎಂಬ ಕ್ಯಾಪ್ಟನ್ ಹಟ ಹಿಡಿದು ಅವರನ್ನು ಸೇರಿಸಿಕೊಂಡರು. 1906ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವಿನ ಅಂತರ 109 ರನ್. ಸ್ವದೇಶಿ ಚಳವಳಿಯ ದಿನಗಳು ಅವು, ಆ ಗೆಲುವನ್ನು ಜನ ಆಟದ ಗೆಲುವಾಗಿ ಮಾತ್ರ ನೋಡಲಿಲ್ಲ. ಬಾಲೂ ಮತ್ತು ಶಿವರಾಮ್ ಇಬ್ಬರೂ ಆ ತಂಡದಲ್ಲಿದ್ದರು. ಪುಣೆಯಲ್ಲಿ ಹೊರಗೆ ಚಹಾ ಕುಡಿದಿದ್ದ ಬಾಲೂ ಬೊಂಬಾಯಿಯಲ್ಲಿ ಅಷ್ಟರಲ್ಲಿ ತಂಡದವರ ಜೊತೆಯಲ್ಲೇ ಕೂತು ಊಟ ಮಾಡುತ್ತಿದ್ದರು. ಹತ್ತು ವರ್ಷದಲ್ಲಿ ಆದ ಬದಲಾವಣೆ ಇದು. ಸಣ್ಣದೇನೂ ಅಲ್ಲ.

ಮರುವರ್ಷ ಯುರೋಪಿಯನ್, ಪಾರ್ಸಿ, ಹಿಂದೂ ತಂಡಗಳ ತ್ರಿಕೋನ ಸ್ಪರ್ಧೆ ಶುರುವಾಯಿತು. 1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಅದು ಚತುಷ್ಕೋನವಾಯಿತು. ಕೋಮಿನ ಲೆಕ್ಕದಲ್ಲಿ ತಂಡ ಕಟ್ಟುವುದನ್ನು ಇವತ್ತಿನ ಮಕ್ಕಳಿಗೆ ವಿವರಿಸುವುದು ಸುಲಭವಲ್ಲ, ಆದರೆ ವಿವರಿಸದೆ ಮುಂದೆ ಹೋಗುವಂತಿಲ್ಲ. ಬಾಲೂ ಅವರ ಕಿರಿಯ ತಮ್ಮಂದಿರಾದ ಗಣಪತ್ ಮತ್ತು ವಿಠ್ಠಲ್ ಕೂಡ ಹಿಂದೂ ತಂಡಕ್ಕೆ ಬಂದರು. ಒಂದೇ ಮನೆಯ ನಾಲ್ವರು.

1911ರ ಇಂಗ್ಲೆಂಡ್ ಪ್ರವಾಸ ಅವರ ಆಟದ ಬದುಕಿನ ತುದಿ. ಇಡೀ ಭಾರತದ್ದು ಎನ್ನುವಂಥ ಮೊದಲ ತಂಡ ಅದು. ಕ್ಯಾಪ್ಟನ್ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್. ಐದನೇ ಜಾರ್ಜ್ ಪಟ್ಟಾಭಿಷೇಕದ ವರ್ಷವಾದ್ದರಿಂದ ಮಹಾರಾಜರಿಗೆ ಔತಣಕೂಟಗಳೇ ಹೆಚ್ಚಾದವು, ಮೈದಾನದಲ್ಲಿ ಕಂಡದ್ದು ಕಡಿಮೆ. ಒಳ್ಳೆಯ ಬ್ಯಾಟ್ಸ್‌ಮನ್ ಆಗಿದ್ದ ಮಿಸ್ತ್ರಿ ಮಹಾರಾಜರ ಕಾರ್ಯದರ್ಶಿ, ಅವರೂ ಜೊತೆಗೆ ಹೋದರು. ಉಳಿದವರು 23 ಪಂದ್ಯ ಆಡಿ 6 ಗೆದ್ದರು, 15 ಸೋತರು, 2 ಡ್ರಾ. ಬಾಲೂ ಅವರಿಗೆ ಆಗಲೇ ಮೂವತ್ತೈದು, ಭುಜದಲ್ಲಿ ನೋವು. ಅವರನ್ನು ಬಿಟ್ಟರೆ ಎಸೆಯುವವರಿಲ್ಲವೆಂಬಂತೆ ಪಂದ್ಯದ ಮೇಲೆ ಪಂದ್ಯ ಅವರ ಕೈಯಿಂದಲೇ ಎಸೆಯಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ 103 ರನ್ ಕೊಟ್ಟು 8 ವಿಕೆಟ್. ಲೀಸ್ಟರ್‌ನಲ್ಲಿ ಎರಡೂ ಇನ್ನಿಂಗ್ಸ್ ಸೇರಿ 11, ತಂಡಕ್ಕೆ ಪ್ರವಾಸದ ಮೊದಲ ಗೆಲುವು ಸಿಕ್ಕಿದ್ದು ಅಲ್ಲಿ. ಸಾಮರ್ಸೆಟ್ ಎದುರು ಟಾಂಟನ್‌ನಲ್ಲಿ ಇನ್ನೊಂದು ಗೆಲುವು, ಅಲ್ಲಿ ಔಟಾಗದೆ 113 ಹೊಡೆದವರು ತಮ್ಮ ಶಿವರಾಮ್.

ಪ್ರವಾಸ ಮುಗಿದಾಗ ಬಾಲೂ ಪಡೆದಿದ್ದ ಒಟ್ಟು ವಿಕೆಟ್ 114, ಸರಾಸರಿ 18.84. ಅದರಲ್ಲಿ 75 ವಿಕೆಟ್ ಪ್ರಥಮ ದರ್ಜೆ ಪಂದ್ಯಗಳಲ್ಲಿ, ಸರಾಸರಿ 20.12. ಗಣಿತ ಪಾಠಕ್ಕೆ ಇದನ್ನು ಹೀಗೆ ಬಳಸಬಹುದು: ಬ್ಯಾಟಿಂಗ್ ಸರಾಸರಿ ಹೆಚ್ಚಾದಷ್ಟು ಒಳ್ಳೆಯದು, ಬೌಲಿಂಗ್ ಸರಾಸರಿ ಕಡಿಮೆಯಾದಷ್ಟು ಒಳ್ಳೆಯದು. ಯಾಕೆ ಎಂದು ಕೇಳಿ, ಉತ್ತರವನ್ನು ಮಕ್ಕಳಿಂದಲೇ ಬರಿಸಬೇಕು. ಆಮೇಲೆ 114ನ್ನು 18.84ರಿಂದ ಗುಣಿಸಿದರೆ ಕೊಟ್ಟ ರನ್ ಸುಮಾರು 2,148 ಎಂದು ಬರುತ್ತದೆ. ಇಡೀ ಜೀವಮಾನದ ಲೆಕ್ಕ 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಪಂದ್ಯಕ್ಕೆ ಐದಕ್ಕಿಂತ ಹೆಚ್ಚು ವಿಕೆಟ್! ಅವರ ಕಾಲದಲ್ಲಿ ಭಾರತಕ್ಕೆ ಟೆಸ್ಟ್ ಪಂದ್ಯವೇ ಇರಲಿಲ್ಲ. ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ.

ಇಂಥ ಬೌಲರ್ ಹಿಂದೂ ತಂಡದ ಕ್ಯಾಪ್ಟನ್ ಆಗಬೇಕಾದದ್ದು ಸಹಜ. ಅನುಭವದಲ್ಲಿ ಅವರಿಗಿಂತ ಹಿರಿಯರಿಲ್ಲ, ವಿಕೆಟ್ಟಿನಲ್ಲಿ ಅವರಿಗಿಂತ ಮುಂದೆ ಯಾರೂ ಇಲ್ಲ. 1910ರಿಂದಾಚೆಗೆ ವರ್ಷವರ್ಷವೂ ಅವರ ಕಡೆಯವರು ಕೇಳಿದರು, ವರ್ಷವರ್ಷವೂ ಆಯ್ಕೆಯವರು ಬೇರೆಯವರನ್ನು ಮಾಡಿದರು. ಹಾಗೆ ಆದವರಲ್ಲಿ ಒಬ್ಬರು ಎಂ. ಡಿ. ಪೈ. ಹೆಸರು ನಮ್ಮ ಕರಾವಳಿಗೆ ಗುರುತಿನದು, ಅವರು ಆಡಿದ್ದು ಬೊಂಬಾಯಿಯಲ್ಲಿ. ತಮಗೆ ಸನ್ಮಾನ ಮಾಡಿದ ಸಭೆಯಲ್ಲೇ ಪೈ ಅವರು, ಈ ಗೌರವ ನಿಜವಾಗಿ ಸಲ್ಲಬೇಕಾದದ್ದು ಬಾಲೂ ಅವರಿಗೆ ಎಂದು ಹೇಳಿದರು. ಅಧಿಕಾರ ಸಿಕ್ಕಿದವನು ಹಾಗೆ ಹೇಳುವುದು ಆಗಲೂ ಅಪರೂಪ.

1920ರಲ್ಲಿ ವಿಷಯ ಬಿಗಡಾಯಿಸಿತು. ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಅವರಿಗೆ ಹುಷಾರಿಲ್ಲದ್ದರಿಂದ ಕ್ಯಾಪ್ಟನ್ ಸ್ಥಾನ ಖಾಲಿಯಾಯಿತು. ಅದು ವಿಠ್ಠಲ್ ಅವರಿಗೆ ಬರುತ್ತದೆಂದು ಎಣಿಸಿದ್ದರೆ ಪುಣೆಯ ಡಿ. ಬಿ. ದೇವಧರ್ ಅವರಿಗೆ ಹೋಯಿತು. ದೇವಧರ್ ದೊಡ್ಡ ಆಟಗಾರರೇ, ಮುಂದೆ ಅವರ ಹೆಸರಿನಲ್ಲಿ ಟ್ರೋಫಿಯೇ ಬಂತು. ತಕರಾರು ಇದ್ದದ್ದು ಅವರ ಬಗ್ಗೆಯಲ್ಲ, ಅಳತೆಗೋಲಿನ ಬಗ್ಗೆ. ವಿಠ್ಠಲ್ ಮತ್ತು ಶಿವರಾಮ್ ಆಡುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿ ಹೊರಬಂದರು. ಕ್ಯಾಪ್ಟನ್ ಪಟ್ಟಕ್ಕೆ ಯೋಗ್ಯತೆ ನೋಡಬೇಕು, ಜಾತಿ ನೋಡಬಾರದು ಎಂಬುದು ಅವರ ಹೇಳಿಕೆಯ ಸಾರ. ಪತ್ರಿಕೆಗಳಲ್ಲಿ ಚರ್ಚೆ ಏರಿತು. ಕೊನೆಗೆ ಪೈ ಗುಣವಾಗಿ ಬಂದರು, ಸಹೋದರರು ಮರಳಿದರು, ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಂಡು ಉಪ ಕ್ಯಾಪ್ಟನ್ ಮಾಡಿದರು. ಪಂದ್ಯದ ನಡುವೆ ಪೈ ಬೇಕೆಂದೇ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಕೂತರು. ಅಷ್ಟು ಹೊತ್ತು ಬಾಲೂ ಹಿಂದೂ ತಂಡವನ್ನು ನಡೆಸಿದರು. ಆಗ ಅವರ ವಯಸ್ಸು ನಲವತ್ತೈದರ ಹತ್ತಿರ. ಕ್ಯಾಪ್ಟನ್‌ಗಿರಿ ಎಂದು ಅವರಿಗೆ ಸಿಕ್ಕಿದ್ದು ಇಷ್ಟೇ, ಅದೂ ಇನ್ನೊಬ್ಬರು ಎದ್ದು ಜಾಗ ಬಿಟ್ಟದ್ದರಿಂದ.

1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದರು. ಯುರೋಪಿಯನ್ನರನ್ನು ಸೋಲಿಸಿದ ದಿನ ಜನ ಅವರನ್ನು ಹೆಗಲ ಮೇಲೆ ಹೊತ್ತರು. ಅಣ್ಣ ಅಷ್ಟರಲ್ಲಿ ಆಟ ಬಿಟ್ಟಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕತೆ, ಸಾಲಾ ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ನಿಲ್ಲಿಸಬಾರದು ಎಂದು ನನ್ನ ಅಭಿಪ್ರಾಯ. ಮುಂದಿನ ಭಾಗ ಹೇಳಲು ಕಷ್ಟ, ಹಾಗಾಗಿಯೇ ಬಹಳ ಕಡೆ ಬಿಟ್ಟುಹೋಗುತ್ತದೆ.

ಬಿ. ಆರ್. ಅಂಬೇಡ್ಕರ್ ಹುಟ್ಟಿದ್ದು 1891ರಲ್ಲಿ, ಬಾಲೂ ಅವರಿಗಿಂತ ಸುಮಾರು ಹದಿನೈದು ವರ್ಷ ಚಿಕ್ಕವರು. ಅವರ ತಂದೆಯೂ ಸೈನ್ಯದಲ್ಲಿದ್ದವರು. ಅಂಬೇಡ್ಕರ್ ಬೊಂಬಾಯಿಯಲ್ಲಿ ಓದುತ್ತಿದ್ದ ಕಾಲಕ್ಕೆ ಬಾಲೂ ಅಲ್ಲಿನ ಶೋಷಿತ ಸಮುದಾಯಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರು, ತರುಣ ಅಂಬೇಡ್ಕರ್ ಕೂಡ ಆ ಹೆಮ್ಮೆಯಲ್ಲಿ ಪಾಲುಗೊಂಡವರು. 1932ರ ಹೊತ್ತಿಗೆ ಇಬ್ಬರ ದಾರಿ ಬೇರೆಯಾಗಿತ್ತು. ಬ್ರಿಟಿಷ್ ಸರಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಅಂಬೇಡ್ಕರ್ ಅದನ್ನು ಕೇಳಿ ಪಡೆದವರು; ಗಾಂಧೀಜಿ ಅದನ್ನು ವಿರೋಧಿಸಿ ಯೆರವಡಾ ಜೈಲಿನಲ್ಲಿ ಸೆಪ್ಟೆಂಬರ್ 20ರಿಂದ ಉಪವಾಸ ಕೂತರು. ಎಂ. ಸಿ. ರಾಜಾ ಮತ್ತು ಬಾಲೂ ಅಂಬೇಡ್ಕರ್ ಅವರ ಮನವೊಲಿಸಲು ಹೋದವರಲ್ಲಿದ್ದರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು, ಸಹಿ ಹಾಕಿದವರಲ್ಲಿ ಬಾಲೂ ಒಬ್ಬರು.

1937ರಲ್ಲಿ ಬೊಂಬಾಯಿ ಶಾಸನಸಭೆಯ ಚುನಾವಣೆ. ಸ್ವತಂತ್ರ ಕಾರ್ಮಿಕ ಪಕ್ಷದಿಂದ ಅಂಬೇಡ್ಕರ್ ನಿಂತರು. ಅವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂ ಅವರನ್ನು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂ ಅವರಿಗೆ 11,225. ಎರಡು ಸಾವಿರದಷ್ಟೇ ವ್ಯತ್ಯಾಸ ಎಂದರೆ ಜನರ ಮನಸ್ಸಿನಲ್ಲಿ ಹಳೆಯ ಬೌಲರಿನ ಸ್ಥಾನ ಎಷ್ಟಿತ್ತೆಂದು ತಿಳಿಯುತ್ತದೆ. ಆದರೆ ಕಾಂಗ್ರೆಸ್ ಅವರನ್ನೇ ಯಾಕೆ ಆರಿಸಿತು ಎಂದು ಕೇಳಿದರೆ ನನಗೆ ಮತ್ತೆ ಆ ಹಳೆಯ ತಂಡಗಳೇ ಕಾಣುತ್ತವೆ. ಒಂದು ನಿರ್ದಿಷ್ಟ ಎದುರಾಳಿಯನ್ನು ಔಟ್ ಮಾಡಲು ಬೌಲರನ್ನು ಕರೆಸಿದಂತೆ ಇದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಬಾಲೂ ಹರಕೆಯ ಕುರಿಯೇನಲ್ಲ. ಆಟದ ಮೂಲಕ ಒಂದೇ ಮೇಜಿಗೆ ಬಂದು ಕೂತ ಅನುಭವ ಅವರದು. ಹಿಂದೂ ಸಮಾಜದ ಒಳಗೇ ಇದ್ದು ಜಾಗ ಪಡೆಯಬಹುದು ಎಂದು ಅವರು ನಂಬಿದ್ದರೆ ಅದಕ್ಕೆ ಆ ಅನುಭವದ ಆಧಾರವಿತ್ತು. ಅಂಬೇಡ್ಕರ್ ಅವರ ಅನುಭವ ಬೇರೆ ಹೇಳಿತ್ತು. ಇಬ್ಬರನ್ನೂ ಗೌರವಿಸಿ ಈ ಭಿನ್ನಾಭಿಪ್ರಾಯವನ್ನು ತರಗತಿಯಲ್ಲಿ ಇಡುವುದು ಸಾಧ್ಯ. ಯಾರು ಸರಿ ಎಂದು ಕರಿಹಲಗೆಯ ಮೇಲೆ ಬರೆಯುವ ಕೆಲಸ ನಮ್ಮದಲ್ಲ.

ಬಾಲೂ 1955ರ ಜುಲೈ 4ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಮಾಡಿದ ಕಾಯ್ದೆ ಅದೇ ವರ್ಷ ಜೂನ್ 1ರಂದು ಜಾರಿಗೆ ಬಂದಿತ್ತು. ಆಮೇಲೆ ಬಹುಕಾಲ ಅವರ ಹೆಸರು ಮರೆಯಾಗಿತ್ತು. ಇತ್ತೀಚಿನ ದಶಕಗಳಲ್ಲಿ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಬರಹಗಳಿಂದ ಮತ್ತೆ ಓದುಗರಿಗೆ ಸಿಕ್ಕಿತು.

ಪಾಠ ಮಾಡುವವರಿಗೆ ಒಂದು ಮಾತು. ನಲವತ್ತು ನಿಮಿಷದ ಅವಧಿಯಲ್ಲಿ 1911ರ ಅಂಕಿಗಳಿಗೇ ಮಕ್ಕಳು ಅಂಟಿಕೊಳ್ಳುತ್ತಾರೆ, ನಾವೂ ಅಂಟಿಕೊಳ್ಳುತ್ತೇವೆ. ಸರಾಸರಿಯ ಲೆಕ್ಕ ಇಪ್ಪತ್ತು ನಿಮಿಷಕ್ಕೆ ಮುಗಿಯಲಿ. ಮಣ್ಣಿನ ಲೋಟದ ವಿಷಯ ಬಂದಾಗ ಯಾವ ಮಗುವಿನ ಕಡೆಗೂ ನೋಡದೆ ಹೇಳಬೇಕು. ತರಗತಿಯಲ್ಲಿ ಯಾರ ಮನೆಯಲ್ಲಿ ಯಾವ ನೆನಪು ಇದೆಯೋ ನಮಗೆ ಗೊತ್ತಿರುವುದಿಲ್ಲ. 1932 ಮತ್ತು 1937ಕ್ಕೆ ಕೊನೆಯ ಹತ್ತು ನಿಮಿಷ ಇಟ್ಟುಕೊಳ್ಳಿ; ಸಮಾಜ ವಿಜ್ಞಾನದ ಸಹ ಪ್ರಶಿಕ್ಷಣಾರ್ಥಿಯೊಬ್ಬರು ಜೊತೆಗಿದ್ದರೆ ಆ ಹತ್ತು ನಿಮಿಷವನ್ನು ಅವರಿಗೇ ಕೊಡಬಹುದು.